ಪೇಟೆ ಬಿದ್ದ ವಾರದ ಶುಕ್ರವಾರ

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಮೇಡಂ ನನ್ನನ್ನು 'ವಾಣಿಜ್ಯ ಪತ್ರಿಕೋದ್ಯಮದ ತಜ್ಞರು' ಅಂದರು. ಅದನ್ನು ಮೊದಲು ಸರಿಮಾಡಿಬಿಡುತ್ತೇನೆ. ನಾನು ಹತ್ತೊಂಬತ್ತು ವರ್ಷ ವಾಣಿಜ್ಯ ಪುಟ ಕಟ್ಟಿದವನು, ಅಷ್ಟೇ. ಸಂಜೆ ನಾಲ್ಕರ ಹೊತ್ತಿಗೆ ಏಜೆನ್ಸಿಯಿಂದ ಷೇರುಪೇಟೆ ಸುದ್ದಿ ಇಂಗ್ಲಿಷಿನಲ್ಲಿ ಬಂದು ಬೀಳುತ್ತಿತ್ತು. ಸೂಚ್ಯಂಕ ಇಳಿದಿದ್ದರೆ 'ಲಾಭ ಗಳಿಕೆ ಉದ್ದೇಶದ ಮಾರಾಟ' ಅಂತ ಬರೆಯುತ್ತಿದ್ದೆ. ಏರಿದ್ದರೆ 'ಖರೀದಿ ಉತ್ಸಾಹ'. ಜೋರಾಗಿ ಬಿದ್ದಿದ್ದರೆ ಶೀರ್ಷಿಕೆ ರೆಡಿ ಇರುತ್ತಿತ್ತು: 'ಕರಗಿತು ಹೂಡಿಕೆದಾರರ ಸಂಪತ್ತು'. ಈ ಮೂರು ಮಾತಿನಲ್ಲಿ ಒಂದು ವೃತ್ತಿಯನ್ನೇ ಮುಗಿಸಬಹುದು. ನಾನು ಮುಗಿಸಿದ್ದೇನೆ.

ಪೇಟೆ ಆ ದಿನ ಯಾಕೆ ಬಿತ್ತು ಅನ್ನುವುದು ಬಹಳ ಸಲ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಕಾರಣವಿಲ್ಲದ ಸುದ್ದಿಯನ್ನು ಸಂಪಾದಕರು ಒಪ್ಪುವುದಿಲ್ಲ. ನನಗಾದರೂ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಸಮಯವಿತ್ತು. ಟಿ.ವಿ.ಯಲ್ಲಿ ಕೂತವರಿಗೆ ಅದೂ ಇಲ್ಲ. ಪಕ್ಕದಲ್ಲಿ ಅಂಕಿ ಕೆಂಪಾಗುತ್ತಿರುತ್ತದೆ, ಕಿವಿಯಲ್ಲಿ ಪಿಸಿಆರ್‌ನವರು (ಪ್ರಸಾರದ ನಿಯಂತ್ರಣ ಕೋಣೆಯವರು) ಅರಚುತ್ತಿರುತ್ತಾರೆ, ಎದುರಿಗೆ ಟೈ ಕಟ್ಟಿದ ವಿಶ್ಲೇಷಕ ಇರುತ್ತಾನೆ, ಆ ಕ್ಷಣಕ್ಕೇ ಕಾರಣ ಬೇಕು. ಹೀಗಾಗಿ ಆ ಜನರನ್ನು ನಾನು ಅರ್ಧ ಹೊಟ್ಟೆಕಿಚ್ಚಿನಿಂದ, ಅರ್ಧ ಕನಿಕರದಿಂದ ನೋಡಿಕೊಂಡು ಬಂದಿದ್ದೇನೆ.

ನಾನು ಹುಟ್ಟಿದ್ದು ಅಡಿಕೆ ಸೀಮೆಯಲ್ಲಿ. ನಾನು ಕೇಳಿದ ಮೊದಲ ವಾಣಿಜ್ಯ ಸುದ್ದಿ ರೇಡಿಯೋದ ಪೇಟೆ ಧಾರಣೆ. ಅಡಿಕೆಯ ಒಂದೊಂದು ತರಕ್ಕೆ ಒಂದೊಂದು ಬೆಲೆ: ರಾಶಿ ಇಷ್ಟು, ಬೆಟ್ಟೆ ಇಷ್ಟು, ಸರಕು ಇಷ್ಟು, ಗೊರಬಲು ಇಷ್ಟು. ಕನಿಷ್ಠ, ಗರಿಷ್ಠ, ಮುಗಿಯಿತು. ಅಜ್ಜ ರೇಡಿಯೋ ಆರಿಸಿ ಒಂದು ಕವಳ ಹಾಕಿ, ಅಡಿಕೆ ಕೊಡಬೇಕೋ ಇಡಬೇಕೋ ಅಂತ ತಾವೇ ಯೋಚಿಸುತ್ತಿದ್ದರು. ಧಾರಣೆ ಓದುವವರು ಯಾಕೆ ಅಂತಲೂ ಹೇಳುತ್ತಿರಲಿಲ್ಲ, ನಾಳೆ ಏನು ಅಂತಲೂ ಹೇಳುತ್ತಿರಲಿಲ್ಲ. ಧಾರಣೆ ಓದುವವರು ಒಂದು ತುದಿ, ಇವತ್ತಿನ ಷೇರು ಚಾನೆಲ್‌ಗಳ ನಿರೂಪಕರು ಇನ್ನೊಂದು ತುದಿ. ನಡುವೆ ಒಬ್ಬ ಮನುಷ್ಯನಿದ್ದ ಅಮೆರಿಕದಲ್ಲಿ. ಇವತ್ತು ಅವರ ಕತೆ ಹೇಳುತ್ತೇನೆ. ಹೆಸರು ಲೂಯಿಸ್ ರೂಕೈಸರ್.

ಈ ಹೆಸರು ಕೇಳಿದವರು ಯಾರಾದರೂ ಇದ್ದೀರಾ? ಇಲ್ಲ. ಒಳ್ಳೆಯದಾಯಿತು, ತಪ್ಪು ಹೇಳಿದರೂ ನಡೆಯುತ್ತದೆ.

ರೂಕೈಸರ್ ಹುಟ್ಟಿದ್ದು 1933ರಲ್ಲಿ, ನ್ಯೂಯಾರ್ಕ್‌ನಲ್ಲಿ. ಆ ಇಸವಿ ನೆನಪಿಟ್ಟುಕೊಳ್ಳಿ, ಮಹಾ ಆರ್ಥಿಕ ಕುಸಿತ ತಳ ಮುಟ್ಟಿದ್ದ ವರ್ಷ ಅದು. ತಂದೆ ಮೆರಿಲ್ ರೂಕೈಸರ್ ಹರ್ಸ್ಟ್ ಪತ್ರಿಕೆಗಳಿಗೆ ಹಣಕಾಸಿನ ಅಂಕಣ ಬರೆಯುತ್ತಿದ್ದವರು. ತಮ್ಮ ವಿಲಿಯಂ ಮುಂದೆ 'ಮನಿ' ಪತ್ರಿಕೆಯ ಮೊದಲ ಸಂಪಾದಕರಲ್ಲಿ ಒಬ್ಬರಾದರು. ನಮ್ಮಲ್ಲಿ ಸಂಗೀತದ ಮನೆತನ, ವೈದಿಕದ ಮನೆತನ ಇರುವ ಹಾಗೆ ಅದು ದುಡ್ಡಿನ ಸುದ್ದಿಯ ಮನೆತನ. ಆದರೆ ಇವರು ನೇರವಾಗಿ ಆ ಕಡೆ ಹೋಗಲಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಓದು ಮುಗಿಸಿ, ಬಾಲ್ಟಿಮೋರ್‌ನ 'ಸನ್' ಪತ್ರಿಕೆಗಳಲ್ಲಿ ರಾಜಕೀಯ ವರದಿಗಾರರಾದರು. ಅಲ್ಲಿಂದ ಲಂಡನ್, ಆಮೇಲೆ ಏಷ್ಯಾ. 1965ರಲ್ಲಿ ಎಬಿಸಿ ಟೆಲಿವಿಷನ್ ಸೇರಿ, ಕೆಲವು ವರ್ಷದ ನಂತರ ಅಲ್ಲಿ ಆರ್ಥಿಕ ಸಂಪಾದಕರಾದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದುಡ್ಡಿನ ಬಗ್ಗೆ ಮಾತಾಡುವ ಮುಂಚೆ ಅವರು ಹದಿನೈದು ವರ್ಷ ಚುನಾವಣೆ, ಯುದ್ಧ, ಮಂತ್ರಿಮಂಡಲ ಇವನ್ನೆಲ್ಲ ನೋಡಿ ಬಂದಿದ್ದರು. ನಿಮ್ಮಲ್ಲಿ ಕೆಲವರು ಕಾಲೇಜು ಮುಗಿದ ಕೂಡಲೇ ನೇರ ಷೇರು ಡೆಸ್ಕಿಗೆ ಹೋಗುತ್ತೀರಿ. ಹೋಗಿ, ಸಂಬಳ ಅಲ್ಲೇ ಇದೆ. ಆದರೆ ಒಂದೆರಡು ವರ್ಷ ತಾಲ್ಲೂಕು ಕಚೇರಿ ಸುತ್ತಿ ಬಂದರೆ ನಷ್ಟವಿಲ್ಲ.

1970ರ ನವೆಂಬರ್ 20, ಶುಕ್ರವಾರ. ಮೇರಿಲ್ಯಾಂಡ್‌ನ ಸಾರ್ವಜನಿಕ ಟೆಲಿವಿಷನ್ ಕೇಂದ್ರದಿಂದ 'ವಾಲ್ ಸ್ಟ್ರೀಟ್ ವೀಕ್' ಅನ್ನುವ ಅರ್ಧ ಗಂಟೆಯ ಕಾರ್ಯಕ್ರಮ ಶುರುವಾಯಿತು. ಹೆಸರಿನಲ್ಲಿ 'ಸ್ಟ್ರೀಟ್' ಪದದ ಮೊದಲ ಅಕ್ಷರಕ್ಕೆ ಬದಲು ಡಾಲರ್ ಗುರುತು ಇತ್ತು. ವಾಲ್ ಸ್ಟ್ರೀಟ್ ಅಂದರೆ ನ್ಯೂಯಾರ್ಕ್ ಷೇರುಪೇಟೆಯ ಬೀದಿ, ಆದರೆ ಇಲ್ಲಿ ಹೆಸರಷ್ಟೇ ವಾಲ್ ಸ್ಟ್ರೀಟ್. ಸ್ಟುಡಿಯೋ ಇದ್ದದ್ದು ಬಾಲ್ಟಿಮೋರ್ ಹತ್ತಿರದ ಓವಿಂಗ್ಸ್ ಮಿಲ್ಸ್ ಅನ್ನುವ ಊರಲ್ಲಿ, ನ್ಯೂಯಾರ್ಕ್‌ನಿಂದ ಸುಮಾರು 300 ಕಿಲೋಮೀಟರ್ ದೂರ. ಆ ಹೊತ್ತಿಗೆ ಅಮೆರಿಕದ ಷೇರುಪೇಟೆಯ ಏರಿಳಿತ ಅಳೆಯುವ ಡೌ ಜೋನ್ಸ್ ಸೂಚ್ಯಂಕ 800ಕ್ಕಿಂತ ಕೆಳಗಿತ್ತು. ಷೇರು ಅಂದರೆ ಶ್ರೀಮಂತರ ಜೂಜು ಅನ್ನುವ ಭಾವನೆ ಅಲ್ಲಿಯೂ ಬಲವಾಗಿದ್ದ ಕಾಲ. ಅಂಥದ್ದರಲ್ಲಿ ಶುಕ್ರವಾರ ರಾತ್ರಿ, ಅದೂ ಜಾಹೀರಾತಿಲ್ಲದ ಸಾರ್ವಜನಿಕ ಟಿ.ವಿ.ಯಲ್ಲಿ, ಷೇರಿನ ಮಾತನ್ನು ಯಾರು ಕೇಳುತ್ತಾರೆ?

ಕೇಳಿದರು. ಲಕ್ಷಾಂತರ ಜನ, ಮೂವತ್ತೊಂದು ವರ್ಷ ಕೇಳಿದರು. ಕಾರ್ಯಕ್ರಮದ ಕಟ್ಟು ಬಹಳ ಸರಳ. ಮೊದಲು ರೂಕೈಸರ್ ಒಬ್ಬರೇ ನಿಂತು ಆ ವಾರದ ಪೇಟೆಯ ಬಗ್ಗೆ ಮಾತಾಡುತ್ತಿದ್ದರು. ಮಾತಿನ ತುಂಬ ಶ್ಲೇಷೆ, ಕೆಲವು ತೀರಾ ಕೆಟ್ಟ ಶ್ಲೇಷೆ. ಬಿಳಿ ಕೂದಲು, ಚೆನ್ನಾಗಿ ಹೊಲಿಸಿದ ಸೂಟು, ಕೊನೆಗೆ ಒಂದು ಕಣ್ಣು ಮಿಟುಕು. ಆಮೇಲೆ ಮೂರು ಜನ ಪಂಡಿತರ ಜೊತೆ ಮಾತು, ವೀಕ್ಷಕರ ಪತ್ರಗಳಿಗೆ ಉತ್ತರ. ಕೊನೆಗೆ ಸೋಫಾದ ಮೇಲೆ ಒಬ್ಬ ಅತಿಥಿ, ಹೂಡಿಕೆ ನಿಧಿ ನಡೆಸಿ ಹೆಸರಾದ ಪೀಟರ್ ಲಿಂಚ್, ಜಾನ್ ಟೆಂಪಲ್‌ಟನ್ ತರಹದವರು. ನಮ್ಮ ಕಡೆಯ ಹರಿಕತೆಗೆ ಒಂದು ಕ್ರಮ ಇರುತ್ತದಲ್ಲ, ಪೀಠಿಕೆ, ಕತೆ, ನಡುವೆ ಒಂದು ನಗೆ ಚಟಾಕಿ, ಮಂಗಳ. ಹಾಗೆ. ಜನ ಬಂದದ್ದು ಷೇರಿಗಾಗಿ ಅಲ್ಲ, ಹರಿದಾಸರಿಗಾಗಿ ಅಂತ ನನಗನ್ನಿಸುತ್ತದೆ.

ಅವರಿಗೆ ಇದ್ದ ಒಂದು ಅನುಕೂಲ ಈಗಿನವರಿಗೆ ಇಲ್ಲ. ಪೇಟೆ ಮುಚ್ಚಿದ ಮೇಲೆ ಅವರ ಮಾತು ಶುರು. ಸೋಮವಾರ ಬೆಳಿಗ್ಗೆಯವರೆಗೆ ನೀವು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಕೇಳಿದ್ದನ್ನು ಮೂರು ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಕು.

ಈಗ ಎರಡು ಶುಕ್ರವಾರದ ಕತೆ.

1987ರ ಅಕ್ಟೋಬರ್ 16. ಆ ದಿನ ಡೌ ಜೋನ್ಸ್ 108 ಅಂಶ ಬಿದ್ದಿತ್ತು. ಒಂದೇ ದಿನ ನೂರಕ್ಕಿಂತ ಹೆಚ್ಚು ಅಂಶ ಇಳಿದದ್ದು ಅದೇ ಮೊದಲು. ಅವತ್ತು ರಾತ್ರಿ ಪಂಡಿತರ ಸಾಲಿನಲ್ಲಿ ಮಾರ್ಟಿನ್ ಜ್ವೀಗ್ ಅನ್ನುವ ಷೇರು ವಿಶ್ಲೇಷಕ ಕೂತಿದ್ದರು. ಸೊರಗಿದ ಮುಖದ, ತಮಾಷೆಗೆ ನಗದ ಮನುಷ್ಯ. ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ದೊಡ್ಡ ಕುಸಿತವೊಂದು ಬರುತ್ತದೆ ಅಂತ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ, ತುಂಬಿದ ನಾಟಕಶಾಲೆಯಲ್ಲಿ ಬೆಂಕಿ ಬೆಂಕಿ ಅಂತ ಕೂಗಿದಂತಾದೀತು ಅಂತ ಬಾಯಿ ಬಿಟ್ಟಿರಲಿಲ್ಲ. ಆ ದೃಶ್ಯದ ತುಣುಕು ಈಗಲೂ ನೋಡಲು ಸಿಗುತ್ತದೆ, ನೋಡಿ. ಭವಿಷ್ಯ ಹೇಳುವವರ ಮುಖದಲ್ಲಿ ಸಾಮಾನ್ಯವಾಗಿ ಒಂದು ಗೆಲುವು ಇರುತ್ತದೆ. ಇವರ ಮುಖದಲ್ಲಿ ಅದಿಲ್ಲ. ಮನೆಯಲ್ಲಿ ಯಾರೋ ಕಾಯಿಲೆ ಬಿದ್ದವರ ಹಾಗೆ ಕೂತಿದ್ದಾರೆ.

ಸೋಮವಾರ, ಅಕ್ಟೋಬರ್ 19. ಡೌ ಜೋನ್ಸ್ 508 ಅಂಶ ಬಿತ್ತು. ಶೇ 22.6. ಇವತ್ತಿಗೂ ಅದೇ ದಾಖಲೆ, ಒಂದೇ ದಿನದಲ್ಲಿ ಅಷ್ಟು ಪ್ರಮಾಣದ ಕುಸಿತ ಮತ್ತೆ ಆಗಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬೆಳಿಗ್ಗೆ ನೂರು ರೂಪಾಯಿ ಇದ್ದದ್ದು ಸಂಜೆಗೆ ಎಪ್ಪತ್ತೇಳು.

ಈಗ ನೀವು ರೂಕೈಸರ್ ಜಾಗದಲ್ಲಿ ಇದ್ದೀರಿ ಅಂದುಕೊಳ್ಳಿ. ಶುಕ್ರವಾರ ಬರುತ್ತಿದೆ. ಇಡೀ ದೇಶ ನಿಮ್ಮ ಮುಖ ನೋಡಲು ಕಾದಿದೆ. ಏನು ಹೇಳುತ್ತೀರಿ? ನಾನಾಗಿದ್ದರೆ ಅದೇ 'ಕರಗಿತು ಸಂಪತ್ತು'.

ಅಕ್ಟೋಬರ್ 23ರ ರಾತ್ರಿ ಅವರು ಶುರು ಮಾಡಿದ್ದು ಹೀಗೆ. ಇವತ್ತು ನಿಜವಾಗಿ ಮುಖ್ಯವಾದದ್ದರಿಂದ ಆರಂಭಿಸೋಣ. ಹೋದದ್ದು ನಿಮ್ಮ ದುಡ್ಡು, ಜೀವ ಅಲ್ಲ. ಕಳೆದ ವಾರ ನಿಮ್ಮನ್ನು ನಿಜವಾಗಿ ಪ್ರೀತಿಸುತ್ತಿದ್ದವರು ಈ ರಾತ್ರಿಯೂ ಪ್ರೀತಿಸುತ್ತಿದ್ದಾರೆ. ಪೇಟೆಗೆ ತಾತ್ಕಾಲಿಕ ಹುಚ್ಚು ಹಿಡಿದರೂ ನಾಯಿಮರಿ ನಿಮ್ಮ ಮಡಿಲಲ್ಲಿ ಸುರುಳಿ ಸುತ್ತಿ ಮಲಗುತ್ತದೆ ಅಂತಲೂ ಹೇಳಿದರು. ಇಷ್ಟೆಲ್ಲ ಹೇಳಿದ ಮೇಲೆ 'ಅಯ್ಯೋ, ನೋವಾಯಿತು' ಅನ್ನುವ ಉದ್ಗಾರ. ಆಮೇಲೇ ಅಂಕಿ ಅಂಶ.

ನಾನು ಕಿಸೆಗಳ್ಳತನದ ಸುದ್ದಿ ಬರೆದಿದ್ದೇನೆ, ಬ್ಯಾಂಕ್ ಮುಳುಗಿದ ಸುದ್ದಿ ಬರೆದಿದ್ದೇನೆ. ದುಡ್ಡು ಕಳಕೊಂಡವರ ಎದುರು 'ದುಡ್ಡು ತಾನೇ' ಅಂದರೆ ಪೆಟ್ಟು ಬೀಳುತ್ತದೆ. ಅದೇ ಮಾತು ರೂಕೈಸರ್ ಬಾಯಲ್ಲಿ ಸಲ್ಲಿತು. ಯಾಕೆ ಅಂದರೆ ಹದಿನೇಳು ವರ್ಷ ಪ್ರತಿ ಶುಕ್ರವಾರ ಅದೇ ಹೊತ್ತಿಗೆ, ಅದೇ ನಗುವಿನ ಜೊತೆ ಅವರು ಜನರ ಪಡಸಾಲೆಗೆ ಬಂದಿದ್ದರು. ಸಾವಿನ ಮನೆಯಲ್ಲಿ ಎಲ್ಲರೂ ಏನೋ ಹೇಳುತ್ತಾರೆ, ಮನೆಗೆ ಬಂದು ಹೋಗುವ ಅಭ್ಯಾಸ ಇದ್ದವರ ಮಾತು ಮಾತ್ರ ಕಿವಿಗೆ ಬೀಳುತ್ತದೆ. ಅವರು ಕುಸಿತವನ್ನು ಮೊದಲೇ ಹೇಳಿರಲಿಲ್ಲ. ಹೇಳಿದ್ದು ಜ್ವೀಗ್. ಆದರೂ ಮಾರನೇ ವಾರ ಜನ ಕಾದದ್ದು ರೂಕೈಸರ್ ಮಾತಿಗೆ. ಆ ವರ್ಷ ಮುಗಿಯುವ ಹೊತ್ತಿಗೆ ಡೌ ಜೋನ್ಸ್, ಜನವರಿಯಲ್ಲಿ ಇದ್ದದ್ದಕ್ಕಿಂತ ಸ್ವಲ್ಪ ಮೇಲೆಯೇ ಇತ್ತು. ಹೆದರಿ ಮಂಗಳವಾರ ಬೆಳಿಗ್ಗೆ ಮಾರಿದವರಿಗೆ ಪೆಟ್ಟು, ಸುಮ್ಮನೆ ಕೂತವರು ಪಾರು.

ಇಲ್ಲಿಗೆ ನಿಲ್ಲಿಸಿದರೆ ಇದು ಸತ್ಪುರುಷರ ಚರಿತ್ರೆ ಆಗುತ್ತದೆ. ನಿಲ್ಲಿಸುವುದಿಲ್ಲ.

1987ರಲ್ಲಿ ಜನರನ್ನು ಕಾಪಾಡಿದ ಆ ಹಸನ್ಮುಖವೇ ಹನ್ನೆರಡು ವರ್ಷದ ನಂತರ ಅವರ ಕಣ್ಣು ಕಟ್ಟಿತು. ತೊಂಬತ್ತರ ದಶಕದ ಕೊನೆಯಲ್ಲಿ ಗೂಳಿ ಓಟ, ಅಂದರೆ ಪೇಟೆ ಏರುತ್ತಲೇ ಹೋಗುವ ಕಾಲ. ಇಂಟರ್‌ನೆಟ್ ಅನ್ನುವ ಹೆಸರಿದ್ದರೆ ಸಾಕು, ಷೇರು ಏರುತ್ತಿತ್ತು. ರೂಕೈಸರ್ ಅವರ ಪಂಡಿತರ ಸಾಲಿನಲ್ಲಿ ಗೇಲ್ ಡುಡಾಕ್ ಅನ್ನುವ ಒಬ್ಬ ವಿಶ್ಲೇಷಕಿ ಇದ್ದರು. ಆಕೆ ವರ್ಷಗಳಿಂದ ಒಂದೇ ರಾಗ, ಬೆಲೆ ಅತಿಯಾಯಿತು, ಎಚ್ಚರ, ಎಚ್ಚರ. ಪೇಟೆ ಏರುತ್ತಲೇ ಇತ್ತು, ಆಕೆ ತಪ್ಪುತ್ತಲೇ ಇದ್ದರು. ಮದುವೆ ಮನೆಯಲ್ಲಿ ಸೀನುವವರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? 1999ರ ಕೊನೆಯಲ್ಲಿ ಆಕೆಯನ್ನು ಕೈಬಿಟ್ಟರು. ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ನ್ಯಾಸ್ಡ್ಯಾಕ್ ಸೂಚ್ಯಂಕ ತುದಿ ಮುಟ್ಟಿದ್ದು 2000ದ ಮಾರ್ಚ್ 10ರಂದು, 5,048ಕ್ಕೆ. 2002ರ ಅಕ್ಟೋಬರ್ ಹೊತ್ತಿಗೆ 1,114ಕ್ಕೆ ಬಂದು ನಿಂತಿತು. ನೂರರಲ್ಲಿ ಎಪ್ಪತ್ತೆಂಟು ಹೋಯಿತು. ಈ ಸಲ ಸುಮ್ಮನೆ ಕೂತವರು ಪಾರಾಗಲಿಲ್ಲ. ನಾಯಿಮರಿ ಮಡಿಲಲ್ಲೇ ಇತ್ತು, ನಿಜ.

ಇದು ರೂಕೈಸರ್ ಒಬ್ಬರ ದೋಷ ಅಲ್ಲ. ಪೇಟೆ ಏರಿದರೆ ವೀಕ್ಷಕರು ಏರುತ್ತಾರೆ, ಬಿದ್ದರೆ ಜನ ಟಿ.ವಿ. ಆರಿಸಿ ಡೀಮ್ಯಾಟ್ ಖಾತೆಯ ಪಾಸ್‌ವರ್ಡೇ ಮರೆಯುತ್ತಾರೆ. ಹಾಗಾಗಿ ಈ ಕಸುಬಿನವರು ಲಂಚ ತೆಗೆದುಕೊಳ್ಳದೆಯೂ ಗೂಳಿಯ ಪಕ್ಷಕ್ಕೆ ಜಾರುತ್ತಾರೆ. ನಮ್ಮ ವಾಣಿಜ್ಯ ಪುಟವೂ ಅಷ್ಟೇ. ಐಪಿಒಗಳು, ಅಂದರೆ ಕಂಪನಿಗಳು ಮೊದಲ ಸಲ ಜನರಿಗೆ ಷೇರು ಮಾರುವುದು, ಸಾಲು ಸಾಲಾಗಿ ಬರುವ ವರ್ಷ ಪುಟ ಎರಡಾಗುತ್ತಿತ್ತು, ಪೇಟೆ ಮಲಗಿದ ವರ್ಷ ಅರ್ಧ ಪುಟಕ್ಕೆ ಇಳಿಯುತ್ತಿತ್ತು. ಅರ್ಧ ಪುಟದವನಾಗಿ ಇರಲು ಯಾರಿಗೆ ಇಷ್ಟ?

ಅಷ್ಟು ಹೊತ್ತಿಗೆ ರೂಕೈಸರ್ ಸುತ್ತಲಿನ ಲೋಕವೂ ಬದಲಾಗಿತ್ತು. 1980ರಲ್ಲಿ ಸಿಎನ್‌ಎನ್‌ನಲ್ಲಿ ಲೂ ಡಾಬ್ಸ್ ಪ್ರತಿ ಸಂಜೆಯ ದುಡ್ಡಿನ ಸುದ್ದಿ ಶುರು ಮಾಡಿದ್ದರು. 1989ರಲ್ಲಿ ಸಿಎನ್‌ಬಿಸಿ ಅನ್ನುವ ವಾಣಿಜ್ಯ ಸುದ್ದಿಯ ಚಾನೆಲ್ ಬಂತು. 1995ರಲ್ಲಿ ಮರಿಯಾ ಬಾರ್ಟಿರೋಮೊ ನ್ಯೂಯಾರ್ಕ್ ಷೇರುಪೇಟೆಯ ಅಂಗಳದಿಂದಲೇ ನೇರ ಪ್ರಸಾರ ಮಾಡತೊಡಗಿದರು, ದಲ್ಲಾಳಿಗಳ ಗದ್ದಲದ ನಡುವೆ ನಿಂತು, ತಳ್ಳಿಸಿಕೊಂಡು. ವಾರದ ಸುದ್ದಿ ದಿನದ್ದಾಯಿತು, ದಿನದ್ದು ಕ್ಷಣದ್ದಾಯಿತು. ಮೇರಿಲ್ಯಾಂಡ್‌ನ ಕೇಂದ್ರದವರಿಗೆ ತಮ್ಮ ಶುಕ್ರವಾರದ ಹರಿದಾಸರು ಹಳಬರಾಗಿ ಕಂಡರು. 'ಫಾರ್ಚೂನ್' ಪತ್ರಿಕೆಯ ಜೊತೆ ಒಪ್ಪಂದ ಮಾಡಿಕೊಂಡು, ಹೊಸ ಮುಖಗಳನ್ನು ತರುತ್ತೇವೆ, ನೀವು ಹಿರಿಯರಾಗಿ ಒಂದು ಸಣ್ಣ ಭಾಗ ಮಾಡಿಕೊಂಡಿರಿ ಅಂದರು. ಇವರು ಒಪ್ಪಲಿಲ್ಲ. 2002ರ ಮಾರ್ಚ್ 22ರ ಶುಕ್ರವಾರ, ಅದೇ ಕಾರ್ಯಕ್ರಮದಲ್ಲಿ, ಕ್ಯಾಮೆರಾ ಎದುರೇ ತಮ್ಮ ಅಸಮಾಧಾನವನ್ನು ವೀಕ್ಷಕರಿಗೆ ಹೇಳಿದರು. ಮುಂದಿನ ಶುಕ್ರವಾರ ಅವರು ಅಲ್ಲಿರಲಿಲ್ಲ, ಕೆಲಸದಿಂದ ತೆಗೆದಿದ್ದರು.

ಮೂವತ್ತೊಂದು ವರ್ಷ. ಅವರ ಮೊದಲ ಕಾರ್ಯಕ್ರಮದ ದಿನ 800 ಇಲ್ಲದ ಡೌ ಜೋನ್ಸ್ ಅವತ್ತು 10,000ದ ಮೇಲಿತ್ತು. ಅರವತ್ತೊಂಬತ್ತರ ವಯಸ್ಸಿನಲ್ಲಿ ಬೇರೆಯವರಾಗಿದ್ದರೆ ಮನೆಗೆ ಹೋಗುತ್ತಿದ್ದರು. ಇವರು ನಾಲ್ಕೇ ವಾರದಲ್ಲಿ, ಏಪ್ರಿಲ್ 19ರ ಶುಕ್ರವಾರ, ಸಿಎನ್‌ಬಿಸಿಯಲ್ಲಿ ತಮ್ಮದೇ ಹೆಸರಿನ ಕಾರ್ಯಕ್ರಮ ತೆರೆದರು. ಅದೇ ಶ್ಲೇಷೆ, ಅದೇ ಸೋಫಾ.

ಸಿಎನ್‌ಬಿಸಿ ಅಂದಾಗ ಮಾರ್ಕ್ ಹೇನ್ಸ್ ಬಗ್ಗೆ ಒಂದು ಮಾತು. ಕಾನೂನು ಓದಿದ ಮನುಷ್ಯ, ಬೆಳಗಿನ 'ಸ್ಕ್ವಾಕ್ ಬಾಕ್ಸ್' ನಡೆಸುತ್ತಿದ್ದವರು. ಕಂಪನಿಯ ದೊರೆಗಳನ್ನು ಪಾಟೀಸವಾಲಿಗೆ ನಿಲ್ಲಿಸಿದಂತೆ ಪ್ರಶ್ನೆ ಕೇಳುವುದಕ್ಕೆ ಹೆಸರಾದವರು. ಅವರು 2009ರ ಮಾರ್ಚ್ 10ರಂದು, ಜಗತ್ತೇ ಕಂಗೆಟ್ಟಿದ್ದಾಗ, ಇದೇ ತಳ ಅನ್ನಿಸುತ್ತಿದೆ ಅಂದುಬಿಟ್ಟರು. ಹಿಂದಿನ ದಿನವೇ ಅಮೆರಿಕದ ಇನ್ನೊಂದು ಷೇರು ಸೂಚ್ಯಂಕ ಎಸ್ ಅಂಡ್ ಪಿ 676ಕ್ಕೆ ಮುಗಿದಿತ್ತು, ಅದೇ ತಳವಾಗಿತ್ತು. ಅದಕ್ಕೆ 'ಹೇನ್ಸ್ ತಳ' ಅಂತಲೇ ಹೆಸರು ಬಿತ್ತು. 2011ರಲ್ಲಿ ತೀರಿಕೊಂಡಾಗ ಎಲ್ಲರೂ ಅದನ್ನೇ ನೆನೆದರು. ಇಪ್ಪತ್ತು ವರ್ಷ ಕೇಳಿದ ಪ್ರಶ್ನೆಗಳೆಲ್ಲ ಹಿಂದೆ ಸರಿದು, ಬಾಯ್ತಪ್ಪಿ ಬಂದಂಥ ಒಂದು ಭವಿಷ್ಯ ಉಳಿಯಿತು. ನನಗೆ ಇದು ಸ್ವಲ್ಪ ಬೇಸರದ ವಿಷಯ.

ಇನ್ನು ನಮ್ಮ ಕಡೆ. ಭಾರತದಲ್ಲಿ ಈ ಕಸುಬು ಟಿ.ವಿ.ಗೆ ಪೂರ್ತಿಯಾಗಿ ಬಂದದ್ದು 1999ರ ಕೊನೆಗೆ, ಸಿಎನ್‌ಬಿಸಿ ಇಂಡಿಯಾ ಬಂದಾಗ. ಪೇಟೆ ತೆರೆಯುತ್ತಿದ್ದದ್ದು ಬೆಳಿಗ್ಗೆ 9.55ಕ್ಕೆ, ಈಗಿನ ಹಾಗೆ 9.15ಕ್ಕೆ ಅಲ್ಲ. ಇನ್ಫೊಸಿಸ್ ಫಲಿತಾಂಶದ ಬೆಳಿಗ್ಗೆಯಂತೂ ದೇಶದ ಕಣ್ಣು ಎಲೆಕ್ಟ್ರಾನಿಕ್ ಸಿಟಿಯ ಮೇಲೆ. 2013ರ ಏಪ್ರಿಲ್ 12ರಂದು ಆ ಷೇರು ಒಂದೇ ದಿನ ಶೇ 21ರಷ್ಟು ಬಿದ್ದಾಗ, ನಮ್ಮ ಡೆಸ್ಕಿಗೆ ಫೋನ್ ಮಾಡಿದವರಲ್ಲಿ ಷೇರುದಾರರಿಗಿಂತ ಉದ್ಯೋಗಿಗಳ ಅಪ್ಪ ಅಮ್ಮಂದಿರೇ ಹೆಚ್ಚು. 'ಸಾರ್, ಮಗನ ಕೆಲಸಕ್ಕೆ ಏನೂ ಆಗಲ್ಲ ತಾನೇ?' ಟಿ.ವಿ. ನಿರೂಪಕರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ.

ನೇರ ಪ್ರಸಾರದ ಕಷ್ಟ ನೋಡಬೇಕಾದರೆ ಎರಡು ದಿನ ಸಾಕು. ಒಂದು, 2009ರ ಜನವರಿ 7. ಸತ್ಯಂ ಕಂಪನಿಯ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರ ಪೇಟೆ ನಡೆಯುತ್ತಿರುವಾಗಲೇ ಬಂತು. ಲೆಕ್ಕದಲ್ಲಿ ಇರುವ ದುಡ್ಡು ನಿಜವಾಗಿ ಇಲ್ಲ, ಹುಲಿ ಸವಾರಿ ಮಾಡುತ್ತಿದ್ದೆ, ಹುಲಿಗೆ ಆಹಾರವಾಗದೆ ಇಳಿಯುವುದು ಹೇಗೆ ಗೊತ್ತಾಗಲಿಲ್ಲ ಅನ್ನುವ ಪತ್ರ. ಅಂಥದ್ದನ್ನು ಮೊದಲ ಸಲ ಓದುತ್ತಲೇ ದೇಶಕ್ಕೂ ಓದಿ ಹೇಳಬೇಕು, ಓದುತ್ತಿರುವಾಗಲೇ ಪಕ್ಕದಲ್ಲಿ ಷೇರು ಜಾರುತ್ತಿರುತ್ತದೆ. ಸಂಜೆಗೆ ಶೇ 77ಕ್ಕೂ ಹೆಚ್ಚು ಕಳೆದುಕೊಂಡಿತ್ತು. ಎರಡು, ಅದೇ ವರ್ಷ ಮೇ 18, ಲೋಕಸಭೆ ಫಲಿತಾಂಶದ ನಂತರದ ಸೋಮವಾರ. ಪೇಟೆ ತೆರೆದ ಕೂಡಲೇ, ಇಷ್ಟು ಏರಿದರೆ ವಹಿವಾಟು ತಡೆಯಬೇಕು ಅನ್ನುವ ಮೇಲಿನ ಮಿತಿ ಮುಟ್ಟಿ ವಹಿವಾಟು ನಿಂತಿತು. 11.55ಕ್ಕೆ ಮತ್ತೆ ತೆರೆದರು, ಮತ್ತೆ ಮಿತಿ ಮುಟ್ಟಿ ದಿನಪೂರ್ತಿ ಬಂದ್. ಸೆನ್ಸೆಕ್ಸ್ 2,110 ಅಂಶ ಮೇಲೆ, ವಹಿವಾಟು ನಡೆದದ್ದು ಕ್ಷಣಗಳ ಲೆಕ್ಕದಲ್ಲಿ. ಆದರೆ ಚಾನೆಲ್ ಬಂದ್ ಮಾಡುವಂತಿಲ್ಲವಲ್ಲ! ಅಲ್ಲಾಡದ ಅಂಕಿಯನ್ನು ತೋರಿಸಿಕೊಂಡು ಸಂಜೆಯವರೆಗೆ ಮಾತಾಡಿದರು ಪುಣ್ಯಾತ್ಮರು. ಜಾತ್ರೆಯಲ್ಲಿ ರಥ ನಿಂತುಬಿಟ್ಟಾಗ ವೀಕ್ಷಕ ವಿವರಣೆ ಕೊಟ್ಟ ಹಾಗೆ.

ಈ ಒತ್ತಡದಲ್ಲಿ ಕೆಲವರು ಸುಟ್ಟುಹೋಗುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಸಿಎನ್‌ಬಿಸಿ-ಟಿವಿ18ರ ಉದಯನ್ ಮುಖರ್ಜಿ ದೇಶದ ಅತಿ ಪರಿಚಿತ ಮಾರುಕಟ್ಟೆ ಮುಖವಾಗಿದ್ದವರು, ಎಲ್ಲ ಬಿಟ್ಟು ಉತ್ತರಾಖಂಡದ ಕುಮಾವೂಂ ಬೆಟ್ಟದ ಕಡೆ ಹೋಗಿ ಕಾದಂಬರಿ ಬರೆಯುತ್ತ ಕೂತರು. ಇನ್ನು ಕೆಲವರು ಅಡ್ಡದಾರಿ ಹಿಡಿಯುತ್ತಾರೆ. 2021ರ ಜನವರಿಯಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಬ್ಬ ಹಿಂದಿ ವಾಣಿಜ್ಯ ಚಾನೆಲ್ ನಿರೂಪಕರನ್ನು ಷೇರುಪೇಟೆಯಿಂದ ದೂರ ಇಡುವ ಆದೇಶ ಹೊರಡಿಸಿತು. ಅವರು ನಾಳೆ ಟಿ.ವಿ.ಯಲ್ಲಿ ಶಿಫಾರಸು ಮಾಡಲಿರುವ ಷೇರನ್ನು ಮನೆಯವರ ಖಾತೆಯಲ್ಲಿ ಇವತ್ತೇ ಕೊಂಡು, ಜನ ಮುಗಿಬಿದ್ದಾಗ ಮಾರಲಾಗುತ್ತಿತ್ತು ಅನ್ನುವುದು ಆರೋಪ. ನಮ್ಮಜ್ಜನ ಕಾಲದಲ್ಲಿ ಧಾರಣೆ ಓದುವವರು ಸ್ವತಃ ಅಡಿಕೆ ಕೊಂಡಿಟ್ಟು 'ನಾಳೆ ಏರುತ್ತದೆ' ಅಂತ ರೇಡಿಯೋದಲ್ಲಿ ಹೇಳಿದ್ದರೆ? ಮಂಡಿಯಲ್ಲಿ ಏನಾಗುತ್ತಿತ್ತು ಅಂತ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ.

ಹೊತ್ತಾಯಿತು ಅಂತ ಮೇಡಂ ಗಡಿಯಾರ ತೋರಿಸುತ್ತಿದ್ದಾರೆ. ರೂಕೈಸರ್ ಕತೆಯ ಬಾಲ ಒಂದು ಉಳಿದಿದೆ, ಹೇಳಿ ಕೂರುತ್ತೇನೆ.

ಹೊಸ ಚಾನೆಲ್‌ಗೆ ಹೋದ ಮಾರನೇ ವರ್ಷವೇ, 2003ರ ಕೊನೆಯಲ್ಲಿ, ಅವರ ಆರೋಗ್ಯ ಕೆಟ್ಟಿತು. ಬೆನ್ನಿನ ಶಸ್ತ್ರಚಿಕಿತ್ಸೆ, ಆಮೇಲೆ ಕ್ಯಾನ್ಸರ್. ಕಾರ್ಯಕ್ರಮದ ಹೆಸರಿನಲ್ಲಿ ಅವರಿದ್ದರು, ಕುರ್ಚಿಯಲ್ಲಿ ಬೇರೆಯವರು. ಒಂದು ವರ್ಷಕ್ಕೂ ಮೀರಿ ಹಾಗೆ ನಡೆಯಿತು. ಕೊನೆಗೆ ಇನ್ನು ನಿಲ್ಲಿಸಿ ಅಂತ ಅವರೇ ಚಾನೆಲ್‌ಗೆ ಹೇಳಿದರು. ಕೊನೆಯ ಪ್ರಸಾರ 2004ರ ಡಿಸೆಂಬರ್ 31ರಂದು. ಅವತ್ತೂ ಶುಕ್ರವಾರ. 2006ರ ಮೇ 2ರಂದು, ಕನೆಕ್ಟಿಕಟ್‌ನ ಗ್ರೀನಿಚ್‌ನಲ್ಲಿರುವ ಮನೆಯಲ್ಲಿ ತೀರಿಕೊಂಡರು. ಅದು ಮಂಗಳವಾರ, ಪೇಟೆ ತೆರೆದಿತ್ತು.